ಶಬ್ದ ವಿನ್ಯಾಸ: ಓದಿಗೂ ಉಂಟು, ಉದ್ಯಮಕ್ಕೂ ಬೇಕು

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಲಲಿತಮಹಲ್ ಅರಮನೆಗೆ ಸಮೀಪದಲ್ಲಿರುವ ಸಿದ್ಧಾರ್ಥನಗರದಂಥ ಬಡಾವಣೆಯಲ್ಲಿ ವ್ಯಾಪಾರಸ್ಥ ಕುಟುಂಬದ ಮಗನೋ ಮಗಳೋ ಪಿ.ಯು.ಸಿ. ಮುಗಿಸಿ "ಶಬ್ದ ವಿನ್ಯಾಸ ಓದುತ್ತೇನೆ" ಎಂದರೆ, ಮನೆಯ ಹಿರಿಯರ ಕಣ್ಣಮುಂದೆ ಮೊದಲು ಬರುವುದು ಮದುವೆ ಮನೆಯ ಮೈಕ್‌ಸೆಟ್ಟು. ಸಂಗೀತವಾದರೆ ವಿದ್ಯೆ, ಎಲೆಕ್ಟ್ರಾನಿಕ್ಸ್ ಆದರೆ ನೌಕರಿ. ಇವೆರಡೂ ಅಲ್ಲದ ಬರಿಯ ಸದ್ದನ್ನು ವಿಶ್ವವಿದ್ಯಾಲಯದಲ್ಲಿ ಕಲಿಯುವುದೇನಿದೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಈ ಪ್ರಶ್ನೆಗೆ ಮೈಸೂರಿನಲ್ಲಿಯೇ ಬಹಳ ಹಿಂದೆ ಒಂದು ಉತ್ತರ ದೊರೆತಿತ್ತೆಂಬುದು ಗಮನಾರ್ಹ.

1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವಾಟ್ ಸಾಮರ್ಥ್ಯದ ಪ್ರೇಷಕವೊಂದನ್ನು ಇರಿಸಿ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಈ ಪುಟ್ಟ ನಿಲಯದ್ದು. ಮುಂದೆ ನಿಲಯವು ಮೈಸೂರು ಸರ್ಕಾರದ ಕೈಸೇರಿ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಹೆಸರು ಮಾತ್ರ 1957ರಲ್ಲಿ ಇಡೀ ರಾಷ್ಟ್ರದ ಪ್ರಸಾರ ಸಂಸ್ಥೆಯದಾಯಿತು. ಇದನ್ನು ಆರಂಭಿಸಿದವರು ಎಂಜಿನಿಯರೂ ಅಲ್ಲ, ವೃತ್ತಿನಿರತ ಸಂಗೀತಗಾರರೂ ಅಲ್ಲ, ಮನುಷ್ಯನ ಮನಸ್ಸನ್ನು ಅಭ್ಯಸಿಸಿದ ಒಬ್ಬ ಅಧ್ಯಾಪಕರು. ಶಬ್ದವೆಂಬುದು ಯಂತ್ರದ ವಿಷಯವಾಗಿರುವಷ್ಟೇ ಕೇಳುವವನ ವಿಷಯವೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹೊರದೇಶಗಳಲ್ಲಿ ಶಬ್ದವು ಕಲೆಯ ಸಾಮಗ್ರಿಯೆಂದು ಮನ್ನಣೆ ಪಡೆದದ್ದೂ ಬಾನುಲಿಯ ಮೂಲಕವೇ. ಪ್ಯಾರಿಸ್ ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಪಿಯರ್ ಶೆಫರ್ 1948ರಲ್ಲಿ ರೈಲುಗಾಡಿಯ ಸದ್ದುಗಳನ್ನು ಮುದ್ರಿಸಿ, ಕತ್ತರಿಸಿ, ಜೋಡಿಸಿ ಕೃತಿಯನ್ನು ರಚಿಸಿದರು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಆರ್. ಮರ್ರೆ ಶೇಫರ್ ಮತ್ತು ಸಂಗಡಿಗರು ಒಂದು ಊರಿನ ಸದ್ದುಗಳನ್ನೆಲ್ಲ ದಾಖಲಿಸಿ ಅಭ್ಯಸಿಸುವ ಕ್ರಮವನ್ನೇ ರೂಪಿಸಿದರು. ಭಾರತವೂ ಹಿಂದುಳಿದಿರಲಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಸರ್ ಸಹಿತ ವಿದ್ಯುನ್ಮಾನ ಸಂಗೀತದ ಸ್ಟುಡಿಯೋ ಸ್ಥಾಪಿತವಾಯಿತು. ಕೆಲವೇ ವರ್ಷಗಳಲ್ಲಿ ಆ ಚಟುವಟಿಕೆ ನಿಂತುಹೋಯಿತು. ಅಲ್ಲಿ ಸಿದ್ಧವಾದ ಟೇಪುಗಳು ಸಂಗ್ರಹಾಲಯದಲ್ಲಿ ಧೂಳು ಹಿಡಿದು, ಕೊನೆಗೆ 2023ರಲ್ಲಿ ಧ್ವನಿಮುದ್ರಿಕೆಯಾಗಿ ಬಿಡುಗಡೆಯಾದವು. ಕಲಿಕೆಗೆ ಕೊಳ್ಳುವವರ ಆಸರೆ ಇಲ್ಲದಿದ್ದರೆ ಎಂಥ ಒಳ್ಳೆಯ ಪ್ರಯೋಗವೂ ಹೀಗೆ ಕಪಾಟು ಸೇರುತ್ತದೆ.

ಕಲಿಸುವುದೇನು?

ಮೊದಲ ಪಾಠ ಉಪಕರಣದ್ದಲ್ಲ, ಕಿವಿಯದು. ವಿದ್ಯಾರ್ಥಿಗಳನ್ನು ಬೀದಿಯಲ್ಲಿ ಮಾತಿಲ್ಲದೆ ನಡೆಸಿ, ಕೇಳಿಸಿದ್ದನ್ನೆಲ್ಲ ಬರೆದಿಡಲು ಹೇಳುವುದು ಈ ವಿಭಾಗಗಳಲ್ಲಿ ರೂಢಿ. ದೇವರಾಜ ಮಾರುಕಟ್ಟೆಯಲ್ಲಿ ಹಾಗೆ ಅರ್ಧ ಗಂಟೆ ನಿಂತರೆ ಹೂವಿನವರ ಕೂಗು, ತಕ್ಕಡಿಯ ಸದ್ದು, ಕೈಗಾಡಿಯ ಚಕ್ರ ಇವು ಒಂದರಿಂದೊಂದು ಬೇರ್ಪಟ್ಟು ಕೇಳತೊಡಗುತ್ತವೆ. ಬಳಿಕ ಧ್ವನಿಗ್ರಹಣ, ಸಂಕಲನ, ಮಿಶ್ರಣ. ಖಾಲಿ ಕೋಣೆಗೂ ತನ್ನದೇ ಆದ ಒಂದು ಸದ್ದಿದೆ. ಅದನ್ನು ಬೇರೆಯಾಗಿ ಮುದ್ರಿಸಿಕೊಳ್ಳದಿದ್ದರೆ ಮಾತಿನ ನಡುವಣ ಮೌನವು ತೇಪೆ ಹಾಕಿದಂತೆ ಕೇಳಿಸುತ್ತದೆ. ತೆಂಗಿನ ಚಿಪ್ಪಿನಿಂದ ಕುದುರೆಯ ಗೊರಸಿನ ಸದ್ದು ಹೊರಡಿಸುವ 'ಫೋಲಿ' ವಿದ್ಯೆಯೂ ಇದರಲ್ಲಿ ಸೇರಿದೆ. ಜೊತೆಗೆ ಭೌತಶಾಸ್ತ್ರವೂ ಬೇಕು. ಡೆಸಿಬೆಲ್ ಮಾಪನದಲ್ಲಿ ಕೇವಲ 3 ಹೆಚ್ಚಿದರೆ ಶಬ್ದಶಕ್ತಿ ಇಮ್ಮಡಿಯಾಗುತ್ತದೆ ಎಂಬುದನ್ನು ಅರಿಯದವರು ಮಿಶ್ರಣ ಮೇಜಿನ ಮುಂದೆ ಕೂರುವಂತಿಲ್ಲ.

ಓದಲು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿಯೇ ಆರಂಭವಾದ ಚಲನಚಿತ್ರ ತಾಂತ್ರಿಕ ಶಿಕ್ಷಣ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಮುಂದುವರಿದಿದೆ. ಪದವಿ ಮುಗಿಸಿದವರಿಗೆ ಪುಣೆಯ ಫಿಲ್ಮ್ ಸಂಸ್ಥೆಯೂ, 1995ರಲ್ಲಿ ಆರಂಭವಾದ ಕೊಲ್ಕತ್ತದ ಸತ್ಯಜಿತ್ ರೇ ಸಂಸ್ಥೆಯೂ ಇವೆ. ಪುಣೆಯಲ್ಲಿ ಕಲಿತ ರಸೂಲ್ ಪೂಕುಟ್ಟಿ 2009ರಲ್ಲಿ ಧ್ವನಿ ಮಿಶ್ರಣಕ್ಕಾಗಿ ಆಸ್ಕರ್ ಹಂಚಿಕೊಂಡದ್ದು ಸರ್ವವಿದಿತ. ಮೈಸೂರಿನಲ್ಲಂತೂ ಬೇಕಾದ ಬಿಡಿಭಾಗಗಳೆಲ್ಲ ಇವೆ. ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 2009ರ ಕಾಯಿದೆಯಂತೆ ಸ್ಥಾಪಿತವಾದ, ಇಂದು ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರು ಹೊತ್ತ ಸಂಗೀತ ವಿಶ್ವವಿದ್ಯಾಲಯ, ಮತ್ತು ಬಾನುಲಿಯ ಪರಂಪರೆ. ಇವು ಒಂದಕ್ಕೊಂದು ಕೈಜೋಡಿಸಿದರೆ ಲಾಭ ಊರಿನ ಉದ್ಯಮಕ್ಕೇ.

ಉದ್ಯಮಕ್ಕೆ ಏನು ಲಾಭ?

ಸಿನಿಮಾ ಒಂದೇ ಈ ಕಸುಬಿನ ಗಿರಾಕಿಯೆಂದು ಭಾವಿಸುವುದು ತಪ್ಪಾದೀತು. ಟೈಟಾನ್ ಗಡಿಯಾರದ ಜಾಹೀರಾತಿನ ಸ್ವರ ಮೊಟ್ಸಾರ್ಟ್‌ನ 25ನೇ ಸಿಂಫನಿಯಿಂದ ಬಂದದ್ದು. ಆ ಹೆಸರನ್ನು ಕೇಳಿರದವರೂ ಸ್ವರ ಕೇಳಿದೊಡನೆ ಗಡಿಯಾರವನ್ನು ನೆನೆಯುತ್ತಾರೆ. ಅಗರಬತ್ತಿ, ಕಾಫಿಪುಡಿ, ಸಾಬೂನು ಮಾರುವ ಸಣ್ಣ ತಯಾರಕರಿಗೂ ಇಂಥ ಮೂರು-ನಾಲ್ಕು ಸ್ವರಗಳ ಗುರುತು ಎಟುಕದ ವಸ್ತುವಲ್ಲ. ಕಾನೂನಿನ ರಕ್ಷಣೆಯೂ ಇದೆ. ಯಾಹೂ ಸಂಸ್ಥೆಯ ಕೂಗು 2008ರಲ್ಲಿಯೂ, ಐಸಿಐಸಿಐ ಬ್ಯಾಂಕಿನ ಸ್ವರ 2011ರಲ್ಲಿಯೂ ಭಾರತದಲ್ಲಿ ವ್ಯಾಪಾರ ಚಿಹ್ನೆಗಳಾಗಿ ನೋಂದಣಿಯಾದವು. 2017ರ ವ್ಯಾಪಾರ ಚಿಹ್ನೆ ನಿಯಮಗಳ ಪ್ರಕಾರ 30 ಸೆಕೆಂಡು ಮೀರದ ಎಂಪಿ3 ಧ್ವನಿತುಣುಕನ್ನು ಅದರ ಸ್ವರಲಿಪಿಯೊಡನೆ ಸಲ್ಲಿಸಬೇಕು. ಸ್ವರಲಿಪಿ ಬರೆಯಬಲ್ಲ ಮತ್ತು ಮುದ್ರಿಸಬಲ್ಲ ವ್ಯಕ್ತಿ ಒಬ್ಬರೇ ಆಗಿದ್ದರೆ ಖರ್ಚು ಉಳಿಯುತ್ತದೆ.

ಕಾರ್ಖಾನೆಯವರಿಗೆ ಇನ್ನೊಂದು ಸಂಗತಿ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಹೆಬ್ಬಾಳದಂಥ ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬೆಲ್ ಮಿತಿ. ವಸತಿ ಬಡಾವಣೆಗೆ 55 ಮತ್ತು 45. ಯಾವ ಯಂತ್ರದ ಯಾವ ಭಾಗ ಅರಚುತ್ತಿದೆ ಎಂದು ಕಿವಿಯಿಂದಲೇ ಗುರುತಿಸುವುದು ತರಬೇತಿ ಪಡೆದವರ ಕೆಲಸ. ಬೇರಿಂಗ್ ಸವೆದಿರುವುದು ಎಷ್ಟೋ ವೇಳೆ ಮೊದಲು ಸದ್ದಿನಲ್ಲಿಯೇ ತಿಳಿಯುತ್ತದೆ, ಹಳೆಯ ಮಿಸ್ತ್ರಿಗಳನ್ನು ಕೇಳಿದರೆ ಹೇಳುತ್ತಾರೆ.

ಜಾಹೀರಾತಿಗೆ ಧ್ವನಿ ಮಾಡಿಸುವ ಸದಸ್ಯರು ಬಾಯಿಮಾತಿನ ಒಪ್ಪಂದಕ್ಕೆ ನಿಲ್ಲಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಕ್ಕೆ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತವೆಂದು ಪರಿಗಣಿಸಲಾಗುತ್ತದೆ. ಸರಕನ್ನು ಹೊರದೇಶಕ್ಕೆ ಕಳುಹಿಸುವವರು ಈ ಎರಡನೆಯ ಅಂಶವನ್ನು ಕರಾರುಪತ್ರದಲ್ಲಿ ಮೊದಲೇ ಬರೆಸಿಕೊಳ್ಳತಕ್ಕದ್ದು.