ಹಡಗಿನಿಂದ ರೈಲಿಗೆ ಒಂದು ಮೈಲಿ

ಹಡಗಿನ ವಿಹಾರಯಾತ್ರೆಯನ್ನು ಕುರಿತು ಅಚ್ಚಾಗುವ ಬಣ್ಣದ ಪತ್ರಿಕೆಗಳಲ್ಲಿ ಏನುಂಟು ಏನಿಲ್ಲ! ಮೇಲಟ್ಟದ ಈಜುಕೊಳ, ಇರುಳಿನ ಸಂಗೀತಗೋಷ್ಠಿ, ಬಗೆಬಗೆಯ ಭಕ್ಷ್ಯಗಳು, ಕಡಲಿನಲ್ಲಿ ಮುಳುಗುವ ಸೂರ್ಯ, ಎಲ್ಲವೂ ಉಂಟು. ಹಡಗಿನಿಂದ ಇಳಿದ ಗೃಹಸ್ಥನು ಮಡದಿ ಮಕ್ಕಳನ್ನೂ ನಾಲ್ಕು ಪೆಟ್ಟಿಗೆಗಳನ್ನೂ ಕಟ್ಟಿಕೊಂಡು ರೈಲು ನಿಲ್ದಾಣವನ್ನು ಸೇರುವ ಬಗೆ ಯಾವುದೆಂಬ ಮಾತು ಮಾತ್ರ ಇಲ್ಲ. ಮುಂಬಯಿಯಿಂದ ಗೋವೆಗೋ ಲಕ್ಷದ್ವೀಪಕ್ಕೋ ಹಡಗಿನಲ್ಲಿ ಹೋಗಿಬರುವ ಉತ್ಸಾಹ ಈಗ ನಮ್ಮ ಮಧ್ಯಮವರ್ಗದ ಮನೆಗಳಿಗೂ ಬಂದಿದೆ. ಮರಳಿದ ಹಡಗು ಅವರನ್ನು ಬ್ಯಾಲಾರ್ಡ್ ಪಿಯರಿನ ಧಕ್ಕೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಛತ್ರಪತಿ ಶಿವಾಜಿ ಮಹಾರಾಜ ನಿಲ್ದಾಣಕ್ಕೆ, ಹಳಬರ ಬಾಯಲ್ಲಿ ಇಂದಿಗೂ ವಿ.ಟಿ.ಯಾಗಿಯೇ ಉಳಿದಿರುವ ಆ ನಿಲ್ದಾಣಕ್ಕೆ, ದೂರ ಸುಮಾರು ಒಂದು ಮೈಲಿ. ನೂರಾರು ಮೈಲಿಗಳನ್ನು ಸುಖವಾಗಿ ಕಳೆದುಬಂದವರು ಹೈರಾಣಾಗುವುದು ಈ ಒಂದು ಮೈಲಿಯಲ್ಲಿ.

ಈ ಮೈಲಿಯೇ ಇಲ್ಲದಿದ್ದ ಕಾಲವೊಂದಿತ್ತು. ಆಗ ರೈಲೇ ಹಡಗಿನ ಬಳಿಗೆ ಬರುತ್ತಿತ್ತು. ಧಕ್ಕೆಗೆ ಅಂಟಿಕೊಂಡಂತೆ ಬ್ಯಾಲಾರ್ಡ್ ಪಿಯರ್ ಮೋಲ್ ಎಂಬ ನಿಲ್ದಾಣವಿತ್ತು. ಇಂದು ನಾವು ಪಂಜಾಬ್ ಮೇಲ್ ಎನ್ನುವ ಗಾಡಿ 1912ರಲ್ಲಿ ಪಂಜಾಬ್ ಲಿಮಿಟೆಡ್ ಎಂಬ ಹೆಸರಿನಿಂದ ಹೊರಟದ್ದು ಅಲ್ಲಿಂದಲೇ. 1928ರ ಸೆಪ್ಟೆಂಬರಿನಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್ ಕೂಡ ಚಳಿಗಾಲದ ತಿಂಗಳುಗಳಲ್ಲಿ, ಇಂಗ್ಲೆಂಡಿನಿಂದ ಬರುವವರ ಅನುಕೂಲಕ್ಕಾಗಿ, ಈ ಧಕ್ಕೆಯಿಂದಲೇ ಪೇಶಾವರಕ್ಕೆ ಹೊರಡುತ್ತಿತ್ತು. ದೊರೆಸಾನಿಯೊಬ್ಬಳು ಹಡಗಿನ ಏಣಿಯಿಳಿದು ನಾಲ್ಕು ಹೆಜ್ಜೆ ನಡೆದರೆ ರೈಲಿನ ಡಬ್ಬಿ ಸಿಕ್ಕುತ್ತಿತ್ತು; ಅವಳ ಪೆಟ್ಟಿಗೆಗಳು ಕೂಲಿಗಳ ತಲೆಯ ಮೇಲೆ ಹಿಂಬಾಲಿಸುತ್ತಿದ್ದವು. ಈ ವೈಭವ ಯಾರಿಗಾಗಿ ಎಂಬುದನ್ನು ಮರೆಯಲಾಗದು. ಆರಂಭದ ಪಂಜಾಬ್ ಲಿಮಿಟೆಡ್ಡಿಗೆ ಇದ್ದವು ಆರು ಡಬ್ಬಿಗಳು. ಮೂರು ಟಪಾಲಿಗೆ ಮತ್ತು ಸರಕಿಗೆ, ಉಳಿದ ಮೂರರಲ್ಲಿ 96 ಜನಕ್ಕೆ ಮಾತ್ರ ಸ್ಥಳ. ಕಾಗದಪತ್ರಗಳಿಗೂ ಅಧಿಕಾರಿಗಳಿಗೂ ದೊರೆತ ಮರ್ಯಾದೆ ಕೆಳಗಿನಟ್ಟದಲ್ಲಿ ಬಂದ ಬಡ ಪ್ರಯಾಣಿಕನಿಗೆ ದೊರೆಯುತ್ತಿರಲಿಲ್ಲ; ಅವನು ಆಗಲೂ ಗಂಟು ಹೊತ್ತು ನಡೆಯುತ್ತಿದ್ದವನೇ. ಈಗ ಆ ಧಕ್ಕೆಯ ನಿಲ್ದಾಣವಿಲ್ಲ. ಪಂಜಾಬ್ ಮೇಲ್ ವಿ.ಟಿ.ಯಿಂದ ಹೊರಡುತ್ತದೆ; ಫ್ರಾಂಟಿಯರ್ ಮೇಲ್ 1996ರಲ್ಲಿ ಗೋಲ್ಡನ್ ಟೆಂಪಲ್ ಮೇಲ್ ಎಂಬ ಹೆಸರು ಪಡೆದು ಮುಂಬಯಿ ಸೆಂಟ್ರಲಿನಿಂದ ಅಮೃತಸರಕ್ಕೆ ಓಡುತ್ತಿದೆ. ಹಡಗಿಗೂ ರೈಲಿಗೂ ಇದ್ದ ನಂಟು ಕಡಿದು, ನಡುವಣ ಮೈಲಿ ಪ್ರಯಾಣಿಕನ ಪಾಲಿಗೆ ಬಂತು.

ಈ ಮೈಲಿಯ ಸಿದ್ಧತೆ ಹಿಂದಿನ ರಾತ್ರಿ ಹಡಗಿನಲ್ಲಿಯೇ ಮೊದಲಾಗಬೇಕು. ದೊಡ್ಡ ಪೆಟ್ಟಿಗೆಗಳಿಗೆ ಹಡಗಿನವರು ಕೊಡುವ ಬಣ್ಣದ ಚೀಟಿ ಕಟ್ಟಿ ಮಲಗುವ ಮುನ್ನ ಕೋಣೆಯ ಹೊರಗಿಡುವುದು ಅಲ್ಲಿಯ ಪದ್ಧತಿ. ಬೆಳಗ್ಗೆ ಅವು ಧಕ್ಕೆಯ ಸಭಾಂಗಣದಲ್ಲಿ ಬಣ್ಣದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಉತ್ಸಾಹದಲ್ಲಿ ಇದ್ದಬದ್ದ ಬಟ್ಟೆಯನ್ನೆಲ್ಲ ತುಂಬಿ ಹೊರಗಿಟ್ಟು, ಬೆಳಗಾದ ಮೇಲೆ ರಾತ್ರಿಯ ಉಡುಪಿನಲ್ಲಿಯೇ ಉಪಾಹಾರಕ್ಕೆ ಬರುವ ಮಹನೀಯರು ಪ್ರತಿ ಯಾನದಲ್ಲಿಯೂ ಒಬ್ಬರಾದರೂ ಇರುತ್ತಾರಂತೆ! ಔಷಧ, ಕನ್ನಡಕ, ಗುರುತಿನ ಚೀಟಿ, ರೈಲಿನ ಟಿಕೇಟು, ಒಂದು ಜೊತೆ ಬಟ್ಟೆ, ಇವಿಷ್ಟು ಕೈಚೀಲದಲ್ಲಿಯೇ ಇರತಕ್ಕದ್ದು.

ಹಡಗು ಧಕ್ಕೆಗೆ ತಾಗುವ ಹೊತ್ತೂ ನೀವು ದ್ವಾರದಿಂದ ಹೊರಬೀಳುವ ಹೊತ್ತೂ ಒಂದಲ್ಲ. ತಂಡ ತಂಡವಾಗಿ ಇಳಿಸುತ್ತಾರೆ, ಪೆಟ್ಟಿಗೆ ಹುಡುಕಬೇಕು, ಪರದೇಶದಿಂದ ಬಂದ ಹಡಗಾದರೆ ಸುಂಕದ ತಪಾಸಣೆಯೂ ಉಂಟು. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಹೊಸ ಸೌಧದಲ್ಲಿ ಲಿಫ್ಟುಗಳೂ ಚಲಿಸುವ ಮೆಟ್ಟಿಲುಗಳೂ ಇರುವುದರಿಂದ ಒಳಗಿನ ಕಷ್ಟ ಬಹಳ ಕಡಿಮೆಯಾಗಿದೆ. ಆದರೆ ಸಾಲು ಸಾಲೇ. ಆದ್ದರಿಂದ ಬೆಳಗ್ಗೆ ಬರುವ ಹಡಗನ್ನು ನಂಬಿ ಅದೇ ಬೆಳಗ್ಗೆ ಬೆಂಗಳೂರಿಗೆ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೇಟು ತೆಗೆಸುವುದು ಸಾಹಸವೇ ಸರಿ. ಮಂಗಳೂರಿನ ಕಡೆಯವರಿಗೆ ವಿ.ಟಿ.ಯಿಂದ ರಾತ್ರಿ ಹೊರಡುವ ಗಾಡಿಯೊಂದಿದೆ. ಹಡಗಿನವರಿಗೆ ಅದು ಹೇಳಿ ಮಾಡಿಸಿದಂತಿದೆ. ಮತ್ತೊಂದು ಮಾತು: ಟಿಕೇಟಿನಲ್ಲಿ ಮುಂಬಯಿ ಎಂದಿದ್ದ ಮಾತ್ರಕ್ಕೆ ವಿ.ಟಿ.ಯೇ ಎಂದು ತಿಳಿಯಬಾರದು. ಮತ್ಸ್ಯಗಂಧ ಹೊರಡುವುದು ಕುರ್ಲಾದ ಲೋಕಮಾನ್ಯ ತಿಲಕ ನಿಲ್ದಾಣದಿಂದ. ಆಗ ನಮ್ಮ ಒಂದು ಮೈಲಿ ಹತ್ತು ಮೈಲಿಗೂ ಮಿಕ್ಕಿ ಬೆಳೆಯುತ್ತದೆ. ಊರಿನ ವಾಹನ ಸಂದಣಿಯಲ್ಲಿ ಅದಕ್ಕೆ ಎರಡು ಗಂಟೆಯನ್ನಾದರೂ ಮೀಸಲಿಡಬೇಕು.

ಧಕ್ಕೆಯ ಹೊರಗೆ ಬಂದರೆ ಆಟೋರಿಕ್ಷಾ ಹುಡುಕಿ ಪ್ರಯೋಜನವಿಲ್ಲ. ದಕ್ಷಿಣ ಮುಂಬಯಿಯೊಳಕ್ಕೆ ಅವಕ್ಕೆ ಪ್ರವೇಶವಿಲ್ಲ. ಇರುವುದು ಕಪ್ಪು ಹಳದಿ ಟ್ಯಾಕ್ಸಿ. ಹಳೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಬೀದಿಯಿಂದ ನಿವೃತ್ತವಾದವು. ಈಗಿನ ಚಿಕ್ಕ ಕಾರುಗಳ ಹಿಂಬದಿಯ ಡಿಕ್ಕಿಯನ್ನು ತೆರೆದು ನೋಡಿದರೆ ಅನಿಲದ ಸಿಲಿಂಡರು ಕಾಲು ಚಾಚಿ ಮಲಗಿರುತ್ತದೆ. ಅದರ ಪಕ್ಕದಲ್ಲಿ ಒಂದು ಸೂಟ್‌ಕೇಸು ಹಿಡಿದರೆ ಪುಣ್ಯ. ಉಳಿದುವು ತಲೆಯ ಮೇಲಿನ ಕ್ಯಾರಿಯರಿಗೆ ಅಥವಾ ನಿಮ್ಮ ತೊಡೆಗೆ. ನಾಲ್ಕು ಜನ, ನಾಲ್ಕು ದೊಡ್ಡ ಪೆಟ್ಟಿಗೆ ಎಂದರೆ ಎರಡು ಟ್ಯಾಕ್ಸಿ ಎಂದೇ ಲೆಕ್ಕ ಹಾಕಿಕೊಳ್ಳಬೇಕು. ಇಷ್ಟು ಹತ್ತಿರಕ್ಕೆ ಚಾಲಕರು ಗೊಣಗುವುದುಂಟು, ಮೀಟರಿಗಿಂತ ಹೆಚ್ಚು ಕೇಳುವುದೂ ಉಂಟು. ಗಂಟೆಗಟ್ಟಲೆ ಸಾಲಿನಲ್ಲಿ ಕಾದು ಕೊನೆಗೆ ಒಂದು ಮೈಲಿಯ ಬಾಡಿಗೆ ಸಿಕ್ಕಿದವನ ಮುಖ ಬಾಡುವುದರಲ್ಲಿ ಆಶ್ಚರ್ಯವೇನಿದೆ? ಪೆಟ್ಟಿಗೆಯೊಂದಕ್ಕೆ ಇಷ್ಟು ಎಂದು ಮೊದಲೇ ಮಾತು ಮುಗಿಸಿ ಹತ್ತುವುದು ಲೇಸು.

ಚಾಲಕನಿಗೆ ಹೇಳಬೇಕಾದ ಇನ್ನೊಂದು ಮಾತಿದೆ, ಅದು ಹಣಕ್ಕಿಂತ ಮುಖ್ಯವಾದದ್ದು. ವಿ.ಟಿ.ಯಲ್ಲಿ ಹದಿನೆಂಟು ಪ್ಲಾಟ್‌ಫಾರಂಗಳಿವೆ. ಒಂದರಿಂದ ಏಳರವರೆಗೆ ಊರೊಳಗಿನ ಲೋಕಲ್ ಗಾಡಿಗಳು. ಎಂಟರಿಂದ ಮುಂದಕ್ಕೆ ದೂರದ ಗಾಡಿಗಳು. 1887ರಲ್ಲಿ ಸಿದ್ಧವಾದ, ನಾವೆಲ್ಲ ಚಿತ್ರಗಳಲ್ಲಿ ಕಂಡು ಮೆಚ್ಚಿದ ಗುಮ್ಮಟದ ಮುಖಮಂಟಪವಿರುವುದು ಲೋಕಲ್ ಗಾಡಿಗಳ ಕಡೆಗೆ. ಕಡಲ ಕಡೆಯಿಂದ ಬರುವ ಸಾಮಾನಿನವರಿಗೆ ಬೇಕಾದದ್ದು ಹಿಂಬದಿಯ, ಪಿ. ಡಿ'ಮೆಲ್ಲೊ ರಸ್ತೆಯ ಕಡೆಯ, ಹದಿನೆಂಟನೆಯ ಪ್ಲಾಟ್‌ಫಾರಂ ಬದಿಯ ದ್ವಾರ.

ಆ ರಸ್ತೆಯ ಹೆಸರನ್ನು ಕನ್ನಡಿಗರು ಸುಮ್ಮನೆ ದಾಟಿ ಹೋಗಬಾರದು. ಪ್ಲಾಸಿಡ್ ಡಿ'ಮೆಲ್ಲೊ ನಮ್ಮ ದಕ್ಷಿಣ ಕನ್ನಡದ ಕಡೆಯವರು. ಮುಂಬಯಿಯ ಬಂದರು ಕಾರ್ಮಿಕರ ಮುಂದಾಳಾಗಿದ್ದವರು. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ತರುಣ ಜಾರ್ಜ್ ಫರ್ನಾಂಡಿಸರು ಕಾರ್ಮಿಕ ಚಳವಳಿಯ ಪಾಠ ಕಲಿತದ್ದು ಇವರ ಬಳಿ. ಆ ಶಿಷ್ಯರು 1974ರ ರೈಲ್ವೆ ಮುಷ್ಕರದ ನಾಯಕರಾಗಿ, 1989ರಲ್ಲಿ ರೈಲ್ವೆ ಮಂತ್ರಿಯಾಗಿ, ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. ಬಂದರಿನಿಂದ ರೈಲಿಗೆ ಹೋಗುವ ದಾರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು.

ದ್ವಾರದ ವಿಚಾರವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ದೊಡ್ಡಪ್ಪನವರಿಗೆ ಎಪ್ಪತ್ತನಾಲ್ಕು ವರ್ಷ. ದೊಡ್ಡಮ್ಮನವರ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಹಡಗಿನಿಂದ ಇಳಿದ ಇಬ್ಬರನ್ನೂ ಟ್ಯಾಕ್ಸಿಯವನು ಬೆಳಗ್ಗೆ ಹತ್ತರ ಸುಮಾರಿಗೆ ಮುಖಮಂಟಪದ ಬಳಿ ಇಳಿಸಿ ಹೋದ. ಕಛೇರಿಗೆ ಧಾವಿಸುವ ಸಾವಿರಾರು ಜನ ಒಳಗಿನಿಂದ ಹೊರಕ್ಕೆ, ಇವರು ಮೂರು ಪೆಟ್ಟಿಗೆಗಳೊಡನೆ ಹೊರಗಿನಿಂದ ಒಳಕ್ಕೆ. ದೊಡ್ಡಪ್ಪನವರು ಎರಡು ಪೆಟ್ಟಿಗೆ ಎಳೆದುಕೊಂಡು ಮುಂದಾದರು; ಹಿಂತಿರುಗಿ ನೋಡಿದರೆ ದೊಡ್ಡಮ್ಮನವರಿಲ್ಲ. ಟಿಕೇಟು, ಇಬ್ಬರ ಫೋನು, ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲವೂ ಆಕೆಯ ಕೈಚೀಲದಲ್ಲಿ. "ಐವತ್ತು ವರ್ಷದ ಸಂಸಾರದಲ್ಲಿ ಅವಳನ್ನು ನಾನು ಹುಡುಕಿಕೊಂಡು ಹೋದದ್ದು ಅದೇ ಮೊದಲು ಕಣಯ್ಯ" ಎಂದು ಈಗ ನಗುತ್ತಾರೆ. ಆಗ ನಗು ಬಂದಿರಲಾರದು. ಅರ್ಧ ಗಂಟೆಯ ಮೇಲೆ ಕೆಂಪಂಗಿಯ ಕೂಲಿಯೊಬ್ಬ ಕಂಬವೊಂದರ ಬುಡದಲ್ಲಿ ಪೆಟ್ಟಿಗೆಯ ಮೇಲೆ ಕುಳಿತು ಬೆವರುತ್ತಿದ್ದ ದೊಡ್ಡಮ್ಮನವರನ್ನು ಕಂಡು, ನೀರು ಕೊಟ್ಟು, ನಿಧಾನವಾಗಿ ನಡೆಸಿಕೊಂಡು ಬಂದನಂತೆ.

ಈ ಕೆಂಪಂಗಿಯವರಿಗೆ 2016ರಲ್ಲಿ ಸರಕಾರ ‘ಸಹಾಯಕ’ ಎಂಬ ಹೊಸ ಹೆಸರಿಟ್ಟಿತು. ಅವರ ಕೂಲಿಯ ದರವನ್ನು ರೈಲ್ವೆಯವರೇ ಗೊತ್ತುಮಾಡಿದ್ದಾರೆ. ಹೊರೆ ಹೊರಿಸುವ ಮುನ್ನವೇ ಕೇಳಿಕೊಂಡರೆ ಜಗಳಕ್ಕೆ ಆಸ್ಪದವಿಲ್ಲ. ಮಂಡಿನೋವಿನವರು ನಿಲ್ದಾಣದ ಅಧಿಕಾರಿಗಳಲ್ಲಿ ಗಾಲಿಕುರ್ಚಿ ಕೇಳಲು ಸಂಕೋಚಪಡಬಾರದು. ಪೆಟ್ಟಿಗೆಯ ಗಾತ್ರವನ್ನು ಮಾತ್ರ ಮನೆಯಿಂದ ಹೊರಡುವಾಗಲೇ ಯೋಚಿಸಬೇಕು: ಹಡಗಿನ ಕೋಣೆಯಲ್ಲಿ ಹಿಡಿದದ್ದು ರೈಲಿನ ಆಸನದಡಿ ಹಿಡಿಯಬೇಕೆಂದಿಲ್ಲ. ಸ್ಲೀಪರಿನಲ್ಲಿಯೂ ಮೂರಂತಸ್ತಿನ ಹವಾನಿಯಂತ್ರಿತ ಡಬ್ಬಿಯಲ್ಲಿಯೂ ತಲೆಗೆ 40 ಕಿಲೋ, ಎರಡಂತಸ್ತಿನದರಲ್ಲಿ 50 ಕಿಲೋ ಉಚಿತ.

ರಾತ್ರಿಯ ಗಾಡಿಯವರಿಗೆ ಹಗಲು ಪೂರ್ತಿ ಕೈಯಲ್ಲಿರುತ್ತದೆ. ಸಾಮಾನನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟುಬಿಡಬಹುದು. ಪ್ರಯಾಣದ ಟಿಕೇಟು ತೋರಿಸಬೇಕು, ಪ್ರತಿ ಪೆಟ್ಟಿಗೆಗೂ ಬೀಗವಿರಬೇಕು. ಬೀಗವಿಲ್ಲದ ಚೀಲವನ್ನು ಅವರು ಮುಟ್ಟುವುದಿಲ್ಲ. ದೊಡ್ಡಪ್ಪನವರು ಹೊರಗೆ ಹೋಗಿ ಚಿಕ್ಕ ಬೀಗವೊಂದನ್ನು ಕೊಂಡುತಂದು ಚೀಲವನ್ನು ಒಳಗಿರಿಸಿ, ದೊಡ್ಡಮ್ಮನವರೊಡನೆ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಅನ್ನ ಸಾರು ಉಂಡು, ಸಂಜೆಯವರೆಗೆ ನಿಲ್ದಾಣದ ನಿರೀಕ್ಷಣಾಲಯದಲ್ಲಿ ವಿಶ್ರಮಿಸಿದರು. ಊಟದ ಮೇಜಿನ ಮೇಲೆಯೇ ದೊಡ್ಡಮ್ಮನವರು ಕೈಚೀಲ ಬಿಚ್ಚಿ, ಟಿಕೇಟನ್ನೂ ಒಂದು ಫೋನನ್ನೂ ತೆಗೆದು ದೊಡ್ಡಪ್ಪನವರ ಜೇಬಿಗೆ ಸೇರಿಸಿದರಂತೆ.