ಜೀಪಿನ ಮುಂದಣ ಅಚ್ಚು

ಮೋಟಾರು ವಾಹನವನ್ನು ಕೊಳ್ಳಹೋದವರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಬಣ್ಣದ ಮೆರುಗನ್ನು ದಿಟ್ಟಿಸುತ್ತಾರೆ, ಸೀಟಿನ ಮೆತ್ತೆಯನ್ನು ಒತ್ತಿ ನೋಡುತ್ತಾರೆ. ಆದರೆ ನೆಲದ ಮೇಲೆ ಮಂಡಿಯೂರಿ, ಮುಂದಿನ ಚಕ್ರದ ಒಳಮೈಯಲ್ಲಿ ಗ್ರೀಸಿನ ಕಲೆ ಹರಿದಿದೆಯೇ ಎಂದು ಬಗ್ಗಿ ನೋಡುವವರು ವಿರಳ. ಎಂಜಿನ್ನು ಕೆಟ್ಟ ವಾಹನವು ದಾರಿಯಲ್ಲಿ ನಿಂತುಬಿಡುತ್ತದೆ, ಅಷ್ಟೆ. ಮುಂದಿನ ಅಚ್ಚು ಕೆಟ್ಟ ವಾಹನವಾದರೋ ನಿಲ್ಲಬೇಕಾದಲ್ಲಿ ನಿಲ್ಲದೆ, ತಿರುಗಬೇಕಾದಲ್ಲಿ ತಿರುಗದೆ, ಒಳಗಿದ್ದವರ ಪ್ರಾಣಕ್ಕೇ ಸಂಚಕಾರ ತರಬಲ್ಲುದು. ಸಮಾಧಾನದ ಸಂಗತಿಯೆಂದರೆ, ಈ ಭಾಗದ ದೋಷಗಳಲ್ಲಿ ಬಹುಪಾಲು ಒಂದು ಜ್ಯಾಕ್, ಎರಡು ಕೈ ಮತ್ತು ಸ್ವಲ್ಪ ತಾಳ್ಮೆಯಿಂದಲೇ ಪತ್ತೆಯಾಗತಕ್ಕಂಥವು. ಆದರೆ ಆ ಪರೀಕ್ಷೆಗೆ ಒಂದು ಕ್ರಮವುಂಟು. ಕ್ರಮವನ್ನು ಬಿಟ್ಟು, ಊಹೆಯ ಮೇಲೆ ಬಿಡಿಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸುತ್ತ ಹೋದವನಿಗೆ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಈ ವಿಷಯವನ್ನು ವಿವರಿಸಲು ಹಳೆಯ ಮಾದರಿಯ ಫೋರ್‌ವೀಲ್ ಜೀಪಿಗಿಂತ ಯೋಗ್ಯವಾದ ನಿದರ್ಶನ ಸಿಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಮಿಕ್ಕಿ ನಿರ್ಮಿಸಿದ ಈ ವಾಹನವು, 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯ ಮೂಲಕ ನಮ್ಮ ದೇಶದಲ್ಲಿಯೇ ಜೋಡಣೆಗೊಳ್ಳತೊಡಗಿ, ಕಾಲಕ್ರಮದಲ್ಲಿ ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೂ ಮಲೆನಾಡಿನ ಕೆಸರು ದಾರಿಗಳಿಗೂ ಒಗ್ಗಿಹೋಯಿತು. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಯನ್ನು ಏರುವ ಕೊರಕಲು ಹಾದಿಯಲ್ಲಿ ಇಂದಿಗೂ ಯಾತ್ರಿಕರನ್ನು ಹೊತ್ತೊಯ್ಯುವುದು ಜೀಪುಗಳೇ. ಹಳ್ಳದ ನೀರು, ಜಂಬಿಟ್ಟಿಗೆಯ ಧೂಳು, ಬಂಡೆಯ ಹೊಡೆತ ಈ ಮೂರನ್ನೂ ಒಂದೇ ದಿನದಲ್ಲಿ ಉಣ್ಣುವ ಅದರ ಮುಂದಣ ಅಚ್ಚಿನಲ್ಲಿ, ಬೇರೆ ವಾಹನಗಳಲ್ಲಿ ವರ್ಷಗಟ್ಟಲೆ ಅಡಗಿರುವ ದೋಷಗಳು ಒಂದು ಮಳೆಗಾಲದೊಳಗಾಗಿ ಪ್ರಕಟವಾಗುತ್ತವೆ.

ಎತ್ತಿನ ಗಾಡಿಯ ಅಚ್ಚಿಗೆ ಇರುವುದು ಒಂದೇ ಕರ್ತವ್ಯ: ಭಾರವನ್ನು ಹೊರುವುದು. ಗುಂಬವು ಅದರ ಸುತ್ತ ತಿರುಗುತ್ತದೆ, ನಡುವೆ ಕೀಲೆಣ್ಣೆ, ತುದಿಯಲ್ಲಿ ಕಡಾಣಿ. ಅಲ್ಲಿಗೆ ಯಂತ್ರವಿದ್ಯೆಯು ಮುಗಿಯಿತು. ಜೀಪಿನ ಮುಂದಣ ಅಚ್ಚಾದರೋ ಭಾರವನ್ನು ಹೊರುವುದಲ್ಲದೆ, ಸ್ಟೇರಿಂಗಿನ ಆಜ್ಞೆಯಂತೆ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಗೊಡಬೇಕು. ಹಾಗೆ ತಿರುಗಿರುವ ಸ್ಥಿತಿಯಲ್ಲಿಯೇ ಎಂಜಿನ್ನಿನ ಶಕ್ತಿಯನ್ನೂ ಆ ಚಕ್ರಗಳಿಗೆ ತಲುಪಿಸಬೇಕು. ಈ ಮೂರು ಕರ್ತವ್ಯಗಳನ್ನು ಸಂಧಾನಗೊಳಿಸುವ ಸಲುವಾಗಿ ಅಚ್ಚಿನ ಎರಡು ತುದಿಗಳಲ್ಲಿಯೂ ಒಂದೊಂದು ಉಕ್ಕಿನ ಗೋಳ. ಆ ಗೋಳವನ್ನು ಅಪ್ಪಿಕೊಂಡು ಹೊರಳುವ ನಕಲ್ ಎಂಬ ಕವಚ. ಕವಚವನ್ನು ಮೇಲೂ ಕೆಳಗೂ ಹಿಡಿದಿರುವ ಕಿಂಗ್‌ಪಿನ್. ಕವಚದ ಹೊರಮುಖಕ್ಕೆ ಬೋಲ್ಟು ಹಾಕಿ ಕೂರಿಸಿದ ಟೊಳ್ಳಾದ ಸ್ಪಿಂಡಲ್. ಆ ಸ್ಪಿಂಡಲಿನ ಮೇಲೆ ಎರಡು ಬೇರಿಂಗುಗಳ ಆಧಾರದಿಂದ ತಿರುಗುವ ಹಬ್. ಶಕ್ತಿಯನ್ನು ಒಯ್ಯುವ ಶಾಫ್ಟು ಸ್ಪಿಂಡಲಿನ ಟೊಳ್ಳಿನೊಳಗಿಂದ ಹಾದು ಬಂದು, ಆರು ಬೋಲ್ಟುಗಳ ಒಂದು ಫ್ಲ್ಯಾಂಜಿನ ಮೂಲಕ ಹಬ್ಬನ್ನು ತಿರುಗಿಸುತ್ತದೆ. ವಾಹನದ ತೂಕದಲ್ಲಿ ಎಳ್ಳಷ್ಟೂ ಶಾಫ್ಟಿನ ಮೇಲೆ ಬೀಳದು. ಅದೆಲ್ಲವನ್ನೂ ಹೊರತಕ್ಕವು ಆ ಎರಡು ಬೇರಿಂಗುಗಳೇ.

ಅವು ಸಾಮಾನ್ಯ ಗುಂಡು ಬೇರಿಂಗುಗಳಲ್ಲ, ಒಂದು ಕಡೆಗೆ ಮೊನಚಾಗುತ್ತ ಹೋಗುವ ರೋಲರುಗಳುಳ್ಳ ಟೇಪರ್ ಬೇರಿಂಗುಗಳು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆ ಸಾರೋಟುಗಳನ್ನು ಕಟ್ಟುತ್ತಿದ್ದ ಹೆನ್ರಿ ಟಿಮ್ಕೆನ್ ಎಂಬಾತನು 1898ರಲ್ಲಿ ಇದರ ಪೇಟೆಂಟನ್ನು ಪಡೆದನು. ಸಾರೋಟು ತಿರುವಿನಲ್ಲಿ ಹೊರಳುವಾಗ ಗುಂಬದ ಮೇಲೆ ಮೇಲಿನ ಭಾರವೊಂದೇ ಅಲ್ಲದೆ ಪಕ್ಕದ ನೂಕೂ ಬೀಳುವುದನ್ನು ವೃತ್ತಿಯಿಂದಲೇ ಬಲ್ಲವರಿಗೆ, ಎರಡನ್ನೂ ಏಕಕಾಲದಲ್ಲಿ ತಾಳಬಲ್ಲ ಬೇರಿಂಗಿನ ಬೆಲೆ ಗೊತ್ತಿದ್ದುದು ಸಹಜವೇ. ಪ್ರತಿಯೊಂದು ರೋಲರಿನ ಓರೆಯನ್ನೂ ಗೆರೆಯೆಳೆದು ಮುಂದುವರಿಸಿದರೆ ಆ ಗೆರೆಗಳೆಲ್ಲ ಅಚ್ಚಿನ ಮಧ್ಯರೇಖೆಯ ಒಂದೇ ಬಿಂದುವಿನಲ್ಲಿ ಸಂಧಿಸುವಂತೆ ರಚಿಸಿರುವುದರಿಂದ, ರೋಲರುಗಳು ಉಜ್ಜದೆ ಉರುಳುತ್ತವೆ. ಇಂಥವೆರಡನ್ನು ಪರಸ್ಪರ ಎದುರುಮುಖವಾಗಿ ಕೂರಿಸಿದಾಗ, ಎಡದ ನೂಕನ್ನು ಒಂದು, ಬಲದ ನೂಕನ್ನು ಇನ್ನೊಂದು ತಡೆಯುತ್ತದೆ. ಸ್ಪಿಂಡಲಿನ ತುದಿಯ ನಟ್ಟನ್ನು ಬಿಗಿದರೆ ಎರಡೂ ಬಿಗಿಯುತ್ತವೆ, ಸಡಿಲಿಸಿದರೆ ಎರಡೂ ಸಡಿಲುತ್ತವೆ. ಹಬ್ಬಿನ ಆರೋಗ್ಯವೆಲ್ಲ ಆ ಒಂದು ನಟ್ಟಿನ ಹದದಲ್ಲಿದೆ.

ತಿರುಗಿದ ಚಕ್ರಕ್ಕೂ ಶಕ್ತಿ ತಲುಪುವಂತೆ ಶಾಫ್ಟನ್ನು ಬಾಗಗೊಡುವ, ಗೋಳದೊಳಗಿನ ಕೀಲಿನ ವಿಚಾರವನ್ನೂ ಇಲ್ಲಿಯೇ ಹೇಳಿಬಿಡಬಹುದು. ಸಾಮಾನ್ಯವಾದ ಅಡ್ಡಕೀಲನ್ನು 30 ಡಿಗ್ರಿ ಬಾಗಿಸಿ ತಿರುಗಿಸಿದರೆ, ಒಳಗಿನ ಶಾಫ್ಟು ಒಂದೇ ಸಮನೆ ತಿರುಗುತ್ತಿದ್ದರೂ ಹೊರಗಿನದರ ವೇಗವು ಪ್ರತಿ ಸುತ್ತಿನಲ್ಲಿ ಎರಡು ಸಲ ನೂರಕ್ಕೆ 87ಕ್ಕೆ ಇಳಿದು, ಎರಡು ಸಲ 115ಕ್ಕೆ ಏರುತ್ತದೆ; ತಿರುವಿನಲ್ಲಿ ಸ್ಟೇರಿಂಗು ಕೈಯಲ್ಲಿ ಕುಣಿಯುವುದಕ್ಕೆ ಇಷ್ಟು ಸಾಕು. ಈ ತೊಡಕನ್ನು ನಿವಾರಿಸಲೆಂದು 1920ರ ದಶಕದಲ್ಲಿ ಆಲ್ಫ್ರೆಡ್ ರೆಝೆಪ್ಪಾ ಎಂಬ ಎಂಜಿನಿಯರು ಆರು ಗುಂಡುಗಳನ್ನು ಬಳಸಿ ಸಮವೇಗದ ಕೀಲನ್ನು ರೂಪಿಸಿದನು. ಯುದ್ಧಕಾಲದ ಜೀಪುಗಳಲ್ಲಿ ಇದನ್ನೂ ಇದರ ಬಂಧುಗಳಾದ ಇತರ ಮಾದರಿಗಳನ್ನೂ ಅಳವಡಿಸಿದ್ದರು. ಈಗಿನ ಕಾರುಗಳ ಮುಂದಿನ ಚಕ್ರದ ಹಿಂದೆ ಕಾಣುವ, ಸುಕ್ಕುಸುಕ್ಕಾದ ರಬ್ಬರಿನ ಚೀಲದೊಳಗೆ ಅಡಗಿರುವುದೂ ಇದೇ ಕುಲದ ಕೀಲು.

ಇನ್ನು ಪರೀಕ್ಷೆ. ಜೀಪು 50 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಒಂದು ಗುಂಡಿಯನ್ನು ಹಾರಿದೊಡನೆ ಸ್ಟೇರಿಂಗು ಎರಡೂ ಕಡೆಗೆ ಒದರಾಡತೊಡಗಿ, ವೇಗ ತಗ್ಗಿಸುವವರೆಗೂ ನಿಲ್ಲುವುದಿಲ್ಲವೆಂದು ಚಾಲಕನು ದೂರಿದಾಗ, ಅದಕ್ಕೆ ಹಬ್ಬಿನ ಬೇರಿಂಗು ಕಾರಣವಿರಬಹುದು, ಕಿಂಗ್‌ಪಿನ್ ಕಾರಣವಿರಬಹುದು, ಎರಡು ಚಕ್ರಗಳನ್ನು ಜೋಡಿಸುವ ಟೈರಾಡಿನ ತುದಿಗಳಿರಬಹುದು, ಟೈರುಗಳೇ ಇರಬಹುದು. ಲಕ್ಷಣವೊಂದೇ, ಮೂಲಗಳು ನಾಲ್ಕು. ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಸ್ಟ್ಯಾಂಡನ್ನು ಕೊಟ್ಟ ಹೊರತು ಒಳಕ್ಕೆ ತಲೆ ಹಾಕತಕ್ಕದ್ದಲ್ಲ. ಬರಿಯ ಜ್ಯಾಕನ್ನು ನಂಬಿ ಕೆಳಗೆ ಮಲಗುವುದು ಅವಿವೇಕ.

ಆ ಬಳಿಕ ಚಕ್ರದ ನೆತ್ತಿಯನ್ನೂ ಬುಡವನ್ನೂ ಎರಡು ಕೈಗಳಿಂದ ಹಿಡಿದು, ಮೇಲಿನದನ್ನು ಒಳಕ್ಕೂ ಕೆಳಗಿನದನ್ನು ಹೊರಕ್ಕೂ ಅಲುಗಿಸಬೇಕು. ಕಟಕಟನೆ ಆಟವಾಡಿದರೆ, ಇನ್ನೊಬ್ಬರನ್ನು ಕೂರಿಸಿ ಬ್ರೇಕಿನ ಪೆಡಲನ್ನು ಒತ್ತಿಸಿ, ಮತ್ತೊಮ್ಮೆ ಅಲುಗಿಸಬೇಕು. ಬ್ರೇಕು ಹಿಡಿದಾಗ ಡ್ರಮ್ಮೂ ಹಬ್ಬೂ ನಕಲಿನೊಂದಿಗೆ ಏಕಶಿಲೆಯಂತೆ ಬೆಸೆದುಕೊಳ್ಳುವುದರಿಂದ, ಆಟವು ಮಾಯವಾದರೆ ದೋಷವು ಹಬ್ಬಿನ ಬೇರಿಂಗಿನದು. ಹಾಗೆಯೇ ಉಳಿದರೆ ಕಿಂಗ್‌ಪಿನ್ನಿನದು. ತರುವಾಯ ಚಕ್ರವನ್ನು ಎಡಬಲದ ಅಂಚುಗಳಲ್ಲಿ ಹಿಡಿದು ಅಲುಗಿಸಿದರೆ ಟೈರಾಡಿನ ತುದಿಗಳ ಸವೆತವು ತಾನಾಗಿ ಗೋಚರಿಸುತ್ತದೆ. ಕಡೆಗೆ ಒಂದು ಕೈಯನ್ನು ಸ್ಪ್ರಿಂಗಿನ ಪಟ್ಟಿಯ ಮೇಲಿರಿಸಿ ಇನ್ನೊಂದರಿಂದ ಚಕ್ರವನ್ನು ಸುತ್ತಿಸಿದರೆ, ಕಿವಿಗೆ ಕೇಳಿಸದ ಗರಗರ ಸದ್ದು ಬೆರಳಿಗೆ ತಿಳಿಯುತ್ತದೆ. ಹತ್ತು ನಿಮಿಷದ ಕೆಲಸವಿದು. ಆದರೆ ಇದನ್ನು ಮಾಡದೆ ಬಿಚ್ಚಿದ ಮೇಲೆ, ಯಾವುದು ಆಡುತ್ತಿತ್ತೆಂದು ಹೇಳಲು ಯಾರಿಂದಲೂ ಆಗದು.

ಬಿಚ್ಚುವಾಗ ಗಮನಿಸಬೇಕಾದ ಒಂದು ವಿಶೇಷವುಂಟು. ಹಳೆಯ ವಿಲ್ಲಿಸ್ ಜೀಪುಗಳ ಎಡಬದಿಯ ಚಕ್ರದ ನಟ್ಟುಗಳಿಗೆ ವಿಲೋಮ ಮರೆಯಿದ್ದು, ಅವನ್ನು ಸಡಿಲಿಸಲು ಬಲಕ್ಕೆ ತಿರುಗಿಸಬೇಕು. ಇದನ್ನರಿಯದೆ ಬಲಪ್ರಯೋಗ ಮಾಡಿ ಸ್ಟಡ್ಡುಗಳನ್ನು ಮುರಿದವರಿಗೆ ಲೆಕ್ಕವಿಲ್ಲ. ಫ್ಲ್ಯಾಂಜನ್ನು ತೆಗೆದ ಮೇಲೆ ಎರಡು ದೊಡ್ಡ ನಟ್ಟುಗಳೂ ಅವುಗಳ ನಡುವೆ ನಾಲಗೆ ಮಡಿಸಿದ ಲಾಕ್ ವಾಷರೂ ಕಾಣುತ್ತವೆ. ಆ ಮಡಿಕೆಯನ್ನು ಮೊದಲು ನೆಟ್ಟಗೆ ಮಾಡದೆ ಸ್ಪ್ಯಾನರ್ ಹಾಕಬಾರದು. ಉಳಿ ಸುತ್ತಿಗೆಗಳಿಂದ ನಟ್ಟಿನ ಮೂಲೆಗಳನ್ನು ಹೊಡೆದು ತಿರುಗಿಸುವ ದುರಭ್ಯಾಸವಂತೂ ಸರ್ವಥಾ ವರ್ಜ್ಯ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಹೊರಬಂದ ಗ್ರೀಸನ್ನು ಒಡನೆಯೇ ಒರೆಸಿ ಎಸೆಯಬಾರದು, ಅದರಲ್ಲಿ ಓದತಕ್ಕ ವಿಷಯವಿದೆ. ಬೆರಳುಗಳ ನಡುವೆ ತಿಕ್ಕಿದಾಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದರೆ ನೀರು ನುಗ್ಗಿದೆ. ಬೆಳ್ಳಿಯ ಪುಡಿಯಂತೆ ಮಿರುಗಿದರೆ ಉಕ್ಕು ಸವೆಯುತ್ತಿದೆ. ತೆಳ್ಳಗೆ ಎಣ್ಣೆಯಂತೆ ಹರಿದರೆ ಗೋಳದ ಹೌಸಿಂಗಿನಿಂದ ಗೇರ್ ಆಯಿಲ್ ಸೋರಿ ಬಂದು ಬೆರೆತಿದೆ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಆರಿಸಿ ಬೆಳಕಿಗೆ ಹಿಡಿದಾಗ, ರೋಲರುಗಳೂ ಅವು ಉರುಳುವ ‘ಕಪ್’ ಎಂಬ ಹೊರಬಳೆಯ ಒಳಮೈಯೂ ಕನ್ನಡಿಯಂತೆ ನುಣುಪಾಗಿದ್ದರೆ ಅವು ಇನ್ನೂ ಬಾಳುತ್ತವೆ. ನೀಲಿ ಅಥವಾ ಕಂದು ಛಾಯೆ ಅತಿಯಾದ ಶಾಖದ ಗುರುತು. ಸಮಾನ ಅಂತರದ ಅಡ್ಡಗೆರೆಗಳು ಪೆಟ್ಟಿನ ಗುರುತು. ಉಗುರಿಗೆ ತಾಗುವಂತೆ ಚೆಕ್ಕೆಯೆದ್ದಿದ್ದರೆ ಅದರ ಆಯುಷ್ಯ ತೀರಿತೆಂದೇ ಅರ್ಥ. ಹೊಸ ಬೇರಿಂಗು ಹಾಕುವಾಗ ಹಳೆಯ ಕಪ್ಪನ್ನು ಹಬ್ಬಿನಲ್ಲಿ ಹಾಗೆಯೇ ಬಿಡುವ ಮಿತವ್ಯಯವು ಕೆಲವು ಗ್ಯಾರೇಜುಗಳಲ್ಲುಂಟು. ರೋಲರುಗಳನ್ನು ಹೊತ್ತ ಒಳಬಳೆಯಾದ ಕೋನೂ ಕಪ್ಪೂ ಒಂದು ಜೋಡಿ. ಒಂದನ್ನು ಬದಲಾಯಿಸಿದರೆ ಇನ್ನೊಂದನ್ನೂ ಬದಲಾಯಿಸಲೇಬೇಕು. ತೊಳೆದ ಬೇರಿಂಗನ್ನು ಗಾಳಿಯ ಪೈಪು ಹಿಡಿದು ಗಿರ್ರನೆ ತಿರುಗಿಸುವುದೂ ತಪ್ಪು. ಎಣ್ಣೆಯಿಲ್ಲದೆ ಆ ವೇಗದಲ್ಲಿ ತಿರುಗಿದರೆ ಅದು ಕೆಡುವುದಲ್ಲದೆ ರೋಲರು ಸಿಡಿದು ಗಾಯವೂ ಆಗಬಹುದು.

ಗ್ರೀಸನ್ನು ತುಂಬುವುದಕ್ಕೆ ಅಂಗೈಯೇ ಉಪಕರಣ. ಅಂಗೈಯಲ್ಲಿ ಒಂದು ಮುದ್ದೆಯನ್ನಿರಿಸಿ, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆದರೆ, ರೋಲರುಗಳ ಸಂದಿಯಿಂದ ಮೇಲ್ಗಡೆಗೆ ಗ್ರೀಸು ಹುಳುಗಳಂತೆ ಹೊರಡುತ್ತದೆ. ಸುತ್ತಲೂ ಹಾಗೆ ಹೊರಟಮೇಲೆಯೇ ಒಳಗೆ ತುಂಬಿತೆಂದು ತಿಳಿಯಬೇಕು. ವೀಲ್ ಬೇರಿಂಗಿಗೆಂದೇ ಮಾರುವ 2ನೇ ನಂಬರಿನ ಲಿಥಿಯಂ ಗ್ರೀಸು ಉತ್ತಮ. ಬೇರೆ ಜಾತಿಯ ಹಳೆಯ ಗ್ರೀಸಿನೊಂದಿಗೆ ಅದನ್ನು ಬೆರೆಸಿದರೆ ಎರಡೂ ನೀರಾಗುವ ಸಂಭವವುಂಟು. ಹಬ್ಬಿನ ಪೊಳ್ಳನ್ನೆಲ್ಲ ಗ್ರೀಸಿನಿಂದ ತುಂಬಿಬಿಡುವುದು ಔದಾರ್ಯವೆಂದು ತೋರಿದರೂ ಅಪಾಯಕರ. ಬಿಸಿಯೇರಿದಾಗ ಹಿಗ್ಗಿದ ಗ್ರೀಸು ಸೀಲನ್ನು ದಾಟಿ ಬ್ರೇಕಿನ ಲೈನಿಂಗಿಗೆ ಹರಿಯುತ್ತದೆ, ಆಗ ಹೋಗುವುದು ಬೇರಿಂಗಲ್ಲ, ಬ್ರೇಕು.

ನಟ್ಟಿನ ಹದದ ವಿಷಯದಲ್ಲಿ ವಿಲ್ಲಿಸ್ ಜೀಪಿನ ಕೈಪಿಡಿಯು ವಿಧಿಸುವುದು ಸರಳವಾಗಿದೆ: ಚಕ್ರವನ್ನು ತಿರುಗಿಸುತ್ತಲೇ ಒಳಗಿನ ನಟ್ಟನ್ನು ಚಕ್ರವು ಬಿಗಿಯುವವರೆಗೆ ಬಿಗಿದು, ಅನಂತರ ಸುಮಾರು 1/6 ಸುತ್ತು, ಅಗತ್ಯವಿದ್ದರೆ ಇನ್ನೂ ತುಸು ಹಿಂದಕ್ಕೆ ಬಿಡತಕ್ಕದ್ದು. ತಿರುಗಿಸುತ್ತ ಬಿಗಿಯಬೇಕೆಂಬುದಕ್ಕೆ ಕಾರಣವಿದೆ; ನಿಂತ ಚಕ್ರದಲ್ಲಿ ರೋಲರುಗಳು ತಮ್ಮ ನೆಲೆಗೆ ಸರಿಯದೆ, ಬಿಗಿಯಾದಂತೆ ತೋರಿ, ಹತ್ತು ಕಿಲೋಮೀಟರಿನೊಳಗೆ ಸಡಿಲವಾಗುತ್ತವೆ. ಲಾಕ್ ವಾಷರನ್ನೂ ಹೊರಗಿನ ನಟ್ಟನ್ನೂ ಬಿಗಿದ ಮೇಲೆ ಒಳನಟ್ಟಿನ ಹದವು ತುಸು ಬದಲಾಗುವುದರಿಂದ, ನಾಲಗೆಯನ್ನು ಮಡಿಸುವ ಮೊದಲು ಇನ್ನೊಮ್ಮೆ ಅಲುಗಿಸಿ ನೋಡಬೇಕು. ಚಕ್ರವು ಸಲೀಸಾಗಿ ತಿರುಗಬೇಕು, ಕೈಗೆ ಆಟವು ಸಿಗಬಾರದು.

ಕಿಂಗ್‌ಪಿನ್ನಿನ ಹದವಾದರೋ ನಟ್ಟಿನಿಂದಲ್ಲ, ಶಿಮ್ಮುಗಳೆಂಬ ಕಾಗದದಂಥ ತಗಡಿನ ಬಿಲ್ಲೆಗಳಿಂದ ಬರತಕ್ಕದ್ದು. ಒಂದು ಬಿಲ್ಲೆಯನ್ನು ತೆಗೆದರೆ ಬಿಗಿ, ಸೇರಿಸಿದರೆ ಸಡಿಲು. ಇಲ್ಲಿ ಹಬ್ಬಿನಂತೆ ಸಲೀಸು ಕೂಡದು. ನಕಲನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದಾಗ ಅದು ನಿರ್ದಿಷ್ಟವಾದ ಪ್ರತಿರೋಧವನ್ನು ತೋರಬೇಕು, ಆ ಅಳತೆಯನ್ನು ಗೋಳದ ಸೀಲನ್ನು ಬಿಚ್ಚಿಟ್ಟೇ ನೋಡಬೇಕು. ಗೋಳದ ಮೈ ತುಕ್ಕು ಹಿಡಿದು ಗುಳಿಬಿದ್ದಿದ್ದರೆ ಎಷ್ಟು ಹೊಸ ಸೀಲು ಹಾಕಿದರೂ ನಿಲ್ಲದು, ಮೊದಲ ತಿರುವಿನಲ್ಲಿಯೇ ಅದರ ತುಟಿ ಹರಿಯುತ್ತದೆ. ಅಚ್ಚಿನ ಮೇಲಿರುವ ಉಸಿರುಗಂಡಿಯನ್ನಂತೂ ಎಲ್ಲರೂ ಮರೆಯುವರು. ಘಟ್ಟವೇರಿ ಕಾದ ಅಚ್ಚು ತಣ್ಣನೆಯ ಹಳ್ಳಕ್ಕಿಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಗಂಡಿಯು ಕೆಸರಿನಿಂದ ಮುಚ್ಚಿದ್ದರೆ, ಆ ಕೊರತೆಯನ್ನು ತುಂಬಲು ಸೀಲುಗಳ ಸಂದಿಯಿಂದ ನೀರೇ ಒಳಕ್ಕೆ ಬರುತ್ತದೆ. ಅನೇಕರು ಸೀಲಿನ ಮೇಲೆ ಹೊರಿಸುವ ಅಪರಾಧವು ವಸ್ತುತಃ ಈ ಗಂಡಿಯದು.

ಇಷ್ಟೆಲ್ಲವನ್ನೂ ಸರಿಪಡಿಸಿದ ತರುವಾಯವೇ ಚಕ್ರಗಳ ಅಲೈನ್‌ಮೆಂಟು. ಆಡುವ ಬೇರಿಂಗುಗಳ ಮೇಲೆ ತೆಗೆದ ಅಳತೆ ಅಳತೆಯೇ ಅಲ್ಲ. ಎರಡು ಚಕ್ರಗಳ ಮುಂಭಾಗದ ಅಂತರವು ಹಿಂಭಾಗದ್ದಕ್ಕಿಂತ ಒಂದೆರಡು ಮಿಲಿಮೀಟರು ಕಡಿಮೆಯಿರುವಂತೆ ಟೈರಾಡನ್ನು ತಿರುಗಿಸಿ ಕೂರಿಸಿದರೆ ಜೀಪಿಗೆ ಸಾಕು.

1983ರ ಕೊನೆಯಲ್ಲಿ ಮಾರುತಿ 800 ಬಂದಂದಿನಿಂದ ನಮ್ಮಲ್ಲಿ ಪ್ರಚುರವಾದ, ಮುಂದಿನ ಚಕ್ರಗಳಿಂದಲೇ ಎಳೆಯಲ್ಪಡುವ ಕಾರುಗಳಲ್ಲಿ ಈ ಉದ್ದನೆಯ ಅಚ್ಚಿಲ್ಲ, ಕಿಂಗ್‌ಪಿನ್ನಿಲ್ಲ. ಈಚಿನವುಗಳಲ್ಲಿ ಹಬ್ಬಿನ ಬೇರಿಂಗಿಗೆ ಕಾರ್ಖಾನೆಯಲ್ಲಿಯೇ ಗ್ರೀಸು ತುಂಬಿ ಮುಚ್ಚಿರುತ್ತಾರೆ. ಹದಮಾಡುವ ಅವಕಾಶವಿಲ್ಲ, ಕೆಟ್ಟರೆ ಬದಲಾಯಿಸುವುದೇ. ಆದಾಗ್ಯೂ ಅಲುಗಿಸಿ ನೋಡುವ ಪರೀಕ್ಷೆ, ಸ್ಪ್ರಿಂಗಿನ ಮೇಲೆ ಬೆರಳಿಡುವ ಪರೀಕ್ಷೆ ಅಲ್ಲಿಯೂ ಸಲ್ಲುತ್ತವೆ. ರಬ್ಬರಿನ ಚೀಲ ಹರಿದಿದೆಯೇ ಎಂದು ವರ್ಷಕ್ಕೆರಡು ಬಾರಿಯಾದರೂ ನೋಡಿದವನು, ಅಲ್ಪ ಬೆಲೆಯ ಆ ಚೀಲದಿಂದ, ಬಹುಬೆಲೆಯ ಕೀಲನ್ನು ಉಳಿಸಿಕೊಳ್ಳುತ್ತಾನೆ.

ಕೆಲಸ ಮುಗಿದ ಮೇಲೆ ಜೀಪನ್ನು ಹತ್ತಿಪ್ಪತ್ತು ಕಿಲೋಮೀಟರು ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಎರಡು ಹಬ್ಬುಗಳನ್ನೂ ಮುಟ್ಟಿ ಹೋಲಿಸಬೇಕು. ಎರಡೂ ಒಂದೇ ಪ್ರಮಾಣದಲ್ಲಿ ಬೆಚ್ಚಗಿದ್ದರೆ ಹದ ಸರಿಯಿದೆ. ಒಂದು ಮುಟ್ಟಲಾರದಷ್ಟು ಕಾದಿದ್ದರೆ ಅದರ ನಟ್ಟು ಬಿಗಿ. ಚಕ್ರದ ನಟ್ಟುಗಳನ್ನೂ ಆಗಲೇ ಮತ್ತೊಮ್ಮೆ ಬಿಗಿದು ನೋಡಬೇಕು. ಆಮೇಲೆ ಒಂದು ಪುಸ್ತಕದಲ್ಲಿ ತಾರೀಖು, ಓಡಿದ ಕಿಲೋಮೀಟರು, ಯಾವ ಕಡೆಯಲ್ಲಿ ಎಷ್ಟು ಶಿಮ್ಮು ಇದೆಯೆಂಬ ಲೆಕ್ಕ, ಹಳೆಯ ಗ್ರೀಸಿನ ಬಣ್ಣ ಇವನ್ನು ಬರೆದಿಟ್ಟರೆ, ಮುಂದಿನ ಮಳೆಗಾಲ ಕಳೆದು ಅದೇ ಹಬ್ಬನ್ನು ಬಿಚ್ಚುವವನು, ಅವನು ಬೇರೊಬ್ಬ ಮಿಸ್ತ್ರಿಯೇ ಆಗಿದ್ದರೂ, ಊಹೆಯಿಂದ ಆರಂಭಿಸಬೇಕಾಗುವುದಿಲ್ಲ.