ಒಬ್ಬನೇ ಇದ್ದಾಗ ಕದ ತಟ್ಟಿದರೆ...

ಮೊನ್ನೆ ಹೊಳೆನರಸೀಪುರದಲ್ಲಿ ನಾದಿನಿ ಮನೆಯ ಗೃಹಪ್ರವೇಶ. ಪರೀಕ್ಷೆ ಇದ್ದುದರಿಂದ ಹದಿನಾಲ್ಕರ ಮಗನನ್ನು ಹಾಸನದ ಮನೆಯಲ್ಲೇ ಬಿಟ್ಟು ಹೋಗಿದ್ದೆವು. ರಾತ್ರಿ ವಾಪಸ್ ಬಸ್ ಹತ್ತಿದ್ದೆವಷ್ಟೇ, ಫೋನ್ ಬಂತು. 'ಅಮ್ಮಾ, ಯಾರೋ ಬಾಗಿಲು ತಟ್ತಿದಾರೆ' ಎಂದು ಪಿಸುದನಿ. ಬಂದು ನೋಡಿದರೆ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಾನೆ! ತಟ್ಟಿದ್ದು ಪಕ್ಕದ್ಮನೆ ಆಂಟಿ, ಊಟ ತಂದಿದ್ದರು. ಹೆಸರು ಹಿಡಿದು ಕೂಗಿದರೂ ಇವನು ನಂಬಿಲ್ಲ.

ಆ ಸಂಜೆ ಅವನು ಆಡಿದ್ದು 'ಫಿಯರ್ಸ್ ಟು ಫ್ಯಾದಮ್: ಹೋಮ್ ಅಲೋನ್' ಎಂಬ ಕಂಪ್ಯೂಟರ್ ಆಟ. 2021ರಲ್ಲಿ ಬಂದದ್ದು. ಮಾಡಿದವರು ದೊಡ್ಡ ಕಂಪನಿಯವರಲ್ಲ, ನಮ್ಮ ದೇಶದವರೇ ಆದ ಮುಕುಲ್ ನೇಗಿ. ಅಪ್ಪ ಅಮ್ಮ ಊರಲ್ಲಿಲ್ಲದ ರಾತ್ರಿ ಹದಿನಾಲ್ಕರ ಹುಡುಗನೊಬ್ಬ ಮನೆಯಲ್ಲಿ ಒಬ್ಬನೇ. ಹೊರಗೆ ಅಪರಿಚಿತ. ದೆವ್ವ ಭೂತ ಏನೂ ಇಲ್ಲ. ಮೌನ, ಸಣ್ಣ ಸದ್ದು, ಕಾಯುವುದು ಅಷ್ಟೇ. ಮಿಕ್ಕಿದ್ದನ್ನು ಮನಸ್ಸೇ ಕಟ್ಟಿಕೊಳ್ಳುತ್ತದೆ. ಕಾಡಿನ ಕತೆಯಾದರೆ ಆಟ ಮುಗಿದ ಮೇಲೆ ಕಾಡು ಇರೋದಿಲ್ಲ. ಮನೆಯ ಕತೆಯಾದರೆ? ಅದೇ ಬಾಗಿಲು ಎದುರಿಗೇ ಇರುತ್ತದಲ್ಲ!

ಬೈಯಲು ಹೊರಟವಳಿಗೆ ಅರಕಲಗೂಡಿನ ತವರುಮನೆ ನೆನಪಾಯ್ತು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಂತೆ ನಮ್ಮ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತೆ ಅನ್ನೋ ಹೆದರಿಕೆ. ಅಪ್ಪ ಬಂದು ಕೂಗಿದರೂ ನಾನು ಮುಸುಕು ತೆಗೀತಿರಲಿಲ್ಲ. ಮಗನದೂ ಅದೇ ಭಯ ತಾನೆ?

'ಕಂಪ್ಯೂಟರ್ ಬೀರುಗೆ ಹಾಕಿ ಬೀಗ ಹಾಕು' ಅಂದಳು ಚನ್ನರಾಯಪಟ್ಟಣದ ಅಕ್ಕ. ಕದ್ದು ಆಡಿದರೆ ಭಯವನ್ನೂ ಕದ್ದೇ ಇಟ್ಟುಕೊಳ್ಳುತ್ತಾನೆ. ಅದರ ಬದಲು ಹೀಗೆ ಮಾಡಿ:

* ಗೇಲಿ ಮಾಡಬೇಡಿ. ಹಗಲಲ್ಲಿ ಪಕ್ಕ ಕೂತು ಆಟ ನೋಡಿ, ಎಲ್ಲಿ ಹೆದರಿಕೆಯಾಯ್ತು ಅಂತ ಕೇಳಿ.

* ಒಬ್ಬರೇ ಇರುವ ದಿನ, ಮಲಗುವ ಮುಂಚೆ ಇಂಥ ಆಟ ಬೇಡ.

* ಯಾರಾದರೂ ಬರುವುದಿದ್ದರೆ ಮೊದಲೇ ತಿಳಿಸಿ. ಊಟ ಕೊಡಿ ಎಂದು ಆಂಟಿಗೆ ಹೇಳಿದವಳು ನಾನೇ, ಮಗನಿಗೆ ಹೇಳೋದು ಮರೆತಿದ್ದೆ!

* ಕಿಟಕಿಯಿಂದ ನೋಡು, ಯಾರೆಂದು ಕೇಳು, ಫೋನ್ ಮಾಡು ಎಂದು ಅಭ್ಯಾಸ ಮಾಡಿಸಿ. ನೆರೆಯವರ ನಂಬರ್ ಜೊತೆ 112 ಕೂಡ ಗೋಡೆ ಮೇಲಿರಲಿ.

* ವಾರಗಟ್ಟಲೆ ನಿದ್ದೆ ಬಾರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಅಂದಹಾಗೆ, ಗೊತ್ತಾಗದೆ ಬಾಗಿಲು ತೆಗೆಯಲಿಲ್ಲವಲ್ಲ, ಅದಕ್ಕೆ ಮಗನಿಗೆ ಶಹಬ್ಬಾಸ್ ಅಂದೆ. ಅವನ ಮುಖ ಆಗ ಅರಳಿತು ನೋಡಿ.